ಎರಡು ಅಂಕಕ್ಕೆ ಮಗಳಿಗೆ ಫೌಂಡೇಶನ್ ಬ್ಯಾಚ್ ತಪ್ಪಿತು. ಶಾಲೆಯವರು ಮಕ್ಕಳನ್ನು ಆರಿಸುವುದು ಹೇಗೆ?

ಎಂಟನೇ ತರಗತಿಯ ಫೌಂಡೇಶನ್ ಬ್ಯಾಚಿನ, ಅಂದರೆ ಆಯ್ದ ಮಕ್ಕಳಿಗೆ ಹೆಚ್ಚಿನ ಪಾಠ ಹೇಳುವ ಸೆಕ್ಷನ್ನಿನ, ಟೆಸ್ಟಿನಲ್ಲಿ ಎರಡು ಅಂಕ ಕಡಿಮೆ ಬಂತು, ಮಗಳಿಗೆ ಗಣಿತದ ದಾರಿ ಮುಚ್ಚಿದಂತೆಯೇ ಎಂದು ಕೇಳಿದ್ದೀರಿ. ಖಂಡಿತ ಮುಚ್ಚಿಲ್ಲ. ಶಿವಮೊಗ್ಗ, ತೀರ್ಥಹಳ್ಳಿ ಕಡೆ ಹತ್ತೊಂಬತ್ತು ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಇಂಥ ಆಯ್ಕೆ ಮಾಡುವವರ ಜೊತೆ ನಾನೂ ಕೂತವನೇ.

ಸಾಮಾನ್ಯವಾಗಿ ಏಳನೇ ತರಗತಿಯ ಅಂಕ, ಒಂದು ಟೆಸ್ಟು, ಗಣಿತದ ಮೇಷ್ಟ್ರ ಅಭಿಪ್ರಾಯ, ಇಷ್ಟನ್ನು ನೋಡುತ್ತಾರೆ. ಬ್ಯಾಚಿಗೆ ಬೇರೆ ಫೀಸಿದ್ದರೆ ಅದನ್ನು ಯಾರು ಕಟ್ಟಬಲ್ಲರು ಎನ್ನುವುದೂ ಸೇರಿಕೊಳ್ಳುತ್ತದೆ. ಸೀಟು ಮೂವತ್ತೈದಿದ್ದರೆ ಮೂವತ್ತೈದನೇ ಮಗುವಿನ ಕೆಳಗೆ ಗೆರೆ. ಅವರು ಕಟ್ ಆಫ್ ಅನ್ನುವ ಅಂಕ ಹುಟ್ಟುವುದು ಕೋಣೆಯಲ್ಲಿರುವ ಬೆಂಚುಗಳಿಂದ.

ಒಬ್ಬ ಹುಡುಗ ನನ್ನನ್ನು ಈಗಲೂ ಕಾಡುತ್ತಾನೆ. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ 40 ನಿಮಿಷಕ್ಕೆ 30 ಪ್ರಶ್ನೆ ಕೊಟ್ಟಿದ್ದೆವು. ಹೊಸನಗರ ಕಡೆಯ ಈ ಹುಡುಗನಿಗೆ 17 ಬಂತು, ಗೆರೆ 19ಕ್ಕೆ ಬಿತ್ತು, ಆಯ್ಕೆಯಾಗದವರ ಬಿ ಸೆಕ್ಷನ್ನಿಗೆ ಹೋದ. ಎರಡು ತಿಂಗಳು ಕಳೆದ ಮೇಲೆ ಅದೇ ಸೆಕ್ಷನ್ನಿನಲ್ಲಿ ಕೇಳಿದೆ: ಎರಡೂ ಕಡೆ ಒಂಬತ್ತು ಅಡಿ ಅಂತರ ಬಿಟ್ಟರೆ ಎಕರೆಗೆ ಎಷ್ಟು ಅಡಿಕೆ ಸಸಿ? ಉಳಿದವರು ಎಕರೆಯ 43,560 ಚದರ ಅಡಿಯನ್ನು 81ರಿಂದ ಭಾಗಿಸಲು ಕೂತರು. ಇವನು ಪೆನ್ನು ಮುಟ್ಟಲಿಲ್ಲ. "ಗುಂಟೆ ಅಂದ್ರೆ 33 ಅಡಿಗೆ 33 ಅಡಿ ಸರ್. ಒಂಬತ್ತರಿಂದ ಭಾಗಿಸಿದ್ರೆ 11 ಬೈ 3. ಅದರ ವರ್ಗ ಹದಿಮೂರೂವರೆಗೆ ಚೂರು ಕಮ್ಮಿ. ನಲವತ್ತು ಗುಂಟೆಗೆ 540ರೊಳಗೆ" ಅಂದ. ಆಮೇಲೆ ತಡೆದು, "ಬಸಿಗಾಲುವೆಗೆ ಜಾಗ ಬಿಟ್ರೆ ಇನ್ನೂ ಕಮ್ಮಿ ಸರ್" ಅಂದ.

ಅವತ್ತೇ ಅವನ ಹಳೇ ಉತ್ತರಪತ್ರಿಕೆ ಹುಡುಕಿ ತೆಗೆದೆ. ಬಿಡಿಸಿದ ಹದಿನೇಳರಲ್ಲಿ ಒಂದೂ ತಪ್ಪಿರಲಿಲ್ಲ, ಉಳಿದದ್ದು ಖಾಲಿ. ಆಯ್ಕೆ ಮಾಡುವಾಗ ಒಟ್ಟು ಅಂಕವನ್ನಷ್ಟೇ ನೋಡಿದ್ದೆ. ಸೆಕ್ಷನ್ ಬದಲಿಸಿ ಎಂದು ಕೇಳಿಕೊಂಡರೂ ಶಾಲೆ ಆ ವರ್ಷ ಒಪ್ಪಲಿಲ್ಲ.

ಅದಕ್ಕೇ ನೀವು ಮೊದಲು ಹೋಗಿ ಉತ್ತರಪತ್ರಿಕೆ ಕೇಳಿ. ಕೊನೆಯವು ಖಾಲಿಯಿದ್ದರೆ ಅವಳಿಗೆ ಸಮಯ ಸಾಲಲಿಲ್ಲ ಅಷ್ಟೇ. ಭಿನ್ನರಾಶಿ, ಋಣ ಸಂಖ್ಯೆಗಳಲ್ಲೇ ತಪ್ಪು ತುಂಬಿದ್ದರೆ ಬೇಸಿಗೆ ರಜೆಯಲ್ಲಿ ಸರಿಮಾಡಬಹುದು. ಇನ್ನೂ ಪಾಠವೇ ಆಗದ ಎಂಟನೇ ತರಗತಿಯ ಲೆಕ್ಕ ಕೊಟ್ಟಿದ್ದರೆ, ಮುಂಚೆಯೇ ಕೋಚಿಂಗಿಗೆ ಹೋದವರಿಗೆ ಅದು ಅನುಕೂಲ. ದಸರಾ ರಜೆ ಮುಗಿದ ಮೇಲೆ ಮತ್ತೊಮ್ಮೆ ನೋಡಿ ಸೆಕ್ಷನ್ ಬದಲಿಸುತ್ತೀರಾ ಎಂದೂ ಮುಖ್ಯೋಪಾಧ್ಯಾಯರನ್ನು ಕೇಳಿ.

ನಿಮ್ಮದು ರಾಜ್ಯ ಪಠ್ಯಕ್ರಮವಾದರೆ ಎಸ್ಸೆಸ್ಸೆಲ್ಸಿಯಲ್ಲಿ ಎ ಸೆಕ್ಷನ್ನಿಗೂ ಬಿ ಸೆಕ್ಷನ್ನಿಗೂ ಗಣಿತದ ಪತ್ರಿಕೆ ಒಂದೇ. ಸಿಬಿಎಸ್‌ಇಯಲ್ಲಿ 2020ರ ಪರೀಕ್ಷೆಯಿಂದ ಸ್ಟ್ಯಾಂಡರ್ಡ್, ಅದಕ್ಕಿಂತ ಸುಲಭದ ಬೇಸಿಕ್ ಎಂದು ಎರಡು ಪತ್ರಿಕೆ ಬಂದವು ನಿಜ, ಆದರೆ ಆರಿಸಿಕೊಳ್ಳುವುದು ಹತ್ತನೇ ತರಗತಿಗೆ. ಅವಳಿಗೆ ಗಣಿತದಲ್ಲಿ ನಿಜವಾಗಿ ಆಸೆಯಿದ್ದರೆ ಗಣಿತ ಒಲಿಂಪಿಯಾಡಿನ ಮೊದಲ ಹಂತವಾದ ಐಒಕ್ಯುಎಂ ಎಂಬ ಪರೀಕ್ಷೆ ಇದೆ, ಎಂಟನೇ ತರಗತಿಯಿಂದಲೇ ಬರೆಯಬಹುದು. ಅಲ್ಲಿಯೂ 30 ಪ್ರಶ್ನೆ, ಆದರೆ ಸಮಯ ಮೂರು ಗಂಟೆ, ಅಂದರೆ ಒಂದು ಲೆಕ್ಕಕ್ಕೆ ಆರು ನಿಮಿಷ. ನಮ್ಮ ಟೆಸ್ಟಿನಲ್ಲಿ ಆ ಹುಡುಗನಿಗೆ ನಾವು ಕೊಟ್ಟಿದ್ದು 80 ಸೆಕೆಂಡು.

ಉತ್ತರಪತ್ರಿಕೆ ಸಿಕ್ಕಿದರೆ ಮಗಳ ಹೆಸರು, ಶಾಲೆಯ ಹೆಸರು ಮರೆಮಾಡಿ ಇಲ್ಲೇ ಹಾಕಿ. ತಪ್ಪಾದ ಒಂದೊಂದು ಲೆಕ್ಕವನ್ನೂ ನೋಡಿ, ಎಲ್ಲಿ ಎಡವಿದ್ದಾಳೆ ಎಂದು ಬರೆಯುತ್ತೇನೆ.