ದ್ರಾವಣಗಳಲ್ಲಿ ವಿದ್ಯುತ್ ಹರಿಯುತ್ತದೆಯೇ ಎಂದು ಬ್ಯಾಟರಿ ಮತ್ತು ಎಲ್‌ಇಡಿಯಿಂದ ಪರೀಕ್ಷಿಸಿದ ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ: ‘ಇಂಗಾಲದ ಸಂಯುಕ್ತಗಳು ವಾಹಕಗಳಲ್ಲ ಎನ್ನುತ್ತಾರೆ, ಆದರೆ ಸಕ್ಕರೆ ನೀರಿಗೂ ವಿನೆಗರ್‌ಗೂ ಎಲ್‌ಇಡಿ ಉರಿಯಿತಲ್ಲ?’

ಸಕ್ಕರೆ ನೀರಿನಲ್ಲಿ ಎಲ್‌ಇಡಿಯನ್ನು ಮಿನುಗಿಸಿದ್ದು ಬಹುಮಟ್ಟಿಗೆ ಸಕ್ಕರೆಯಲ್ಲ, ನೀವು ಬಳಸಿದ ನಲ್ಲಿ ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಮೊದಲೇ ಇರುತ್ತವೆ. 9 ವೋಲ್ಟ್ ಬ್ಯಾಟರಿಗೆ ಮಂಕು ಬೆಳಕು ಬರಲು ಅಷ್ಟು ಸಾಕು. ಸಕ್ಕರೆ ಕರಗಿದಾಗ ಅಣುಗಳು ಒಂದರಿಂದೊಂದು ಬೇರೆಯಾಗುತ್ತವೆಯೇ ಹೊರತು ಅಣುವಿನೊಳಗಿನ ಸಹವೇಲೆನ್ಸೀಯ ಬಂಧಗಳು (ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡು ಆಗುವ ಬಂಧಗಳು) ಮುರಿಯುವುದಿಲ್ಲ. ಹಾಗಾಗಿ ವಿದ್ಯುತ್ತನ್ನು ಹೊರುವ ಅಯಾನುಗಳೇ ಹುಟ್ಟುವುದಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು, ಮೊದಲು ವಿದ್ಯುದ್ವಾರಗಳನ್ನು (ದ್ರಾವಣದಲ್ಲಿ ಮುಳುಗಿಸುವ ತುದಿಗಳನ್ನು) ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆಯಿರಿ. ಹಿಂದಿನ ಉಪ್ಪಿನ ದ್ರಾವಣದ ಒಂದು ಹನಿ ಉಳಿದರೂ ಫಲಿತಾಂಶ ಕೆಡುತ್ತದೆ. ಬಳಿಕ ಬಟ್ಟಿ ಇಳಿಸಿದ ನೀರನ್ನಷ್ಟೇ ಪರೀಕ್ಷಿಸಿ. ಎಲ್‌ಇಡಿ ಉರಿಯಬಾರದು. ಅದೇ ನೀರಿಗೆ ಸಕ್ಕರೆ ಬೆರೆಸಿ, ವಿದ್ಯುದ್ವಾರಗಳ ಅಂತರವನ್ನು ಬದಲಾಯಿಸದೆ ಮತ್ತೆ ನೋಡಿ. ಆಗಲೂ ಮಿನುಗಿದರೆ ಪಾತ್ರೆಯನ್ನೋ ಸಕ್ಕರೆಯನ್ನೋ ಅನುಮಾನಿಸಬೇಕು: ಸಂಸ್ಕರಿಸದ ಕಂದು ಸಕ್ಕರೆಯಲ್ಲಿ ಖನಿಜ ಲವಣಗಳು ಉಳಿದಿರುತ್ತವೆ.

ವಿನೆಗರ್‌ನ ಲೆಕ್ಕವೇ ಬೇರೆ. ಅದರಲ್ಲಿರುವ ಅಸಿಟಿಕ್ ಆಮ್ಲದ ಅಣುಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಮಾತ್ರ ಒಡೆದು ಹೈಡ್ರೋಜನ್ ಹಾಗೂ ಅಸಿಟೇಟ್ ಅಯಾನುಗಳಾಗುತ್ತವೆ. ಅಷ್ಟಕ್ಕೇ ಎಲ್‌ಇಡಿ ಉರಿಯುತ್ತದೆ. ಆ ಫಲಿತಾಂಶವನ್ನು ತಿದ್ದದೆ, ‘ದುರ್ಬಲ ವಾಹಕ’ ಎಂದೇ ವರದಿಯಲ್ಲಿ ಬರೆಯಿರಿ.