ಟ್ರಯಾಥ್ಲಾನನ್ನೇ ವೃತ್ತಿ ಮಾಡಿಕೊಂಡವರ ವಾರ ಹೇಗಿರುತ್ತದೆ?

ಟ್ರಯಾಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮಾಡುವ ರೇಸ್. ನಿಮ್ಮ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ವೃತ್ತಿಪರ ಟ್ರಯಾಥ್ಲೀಟ್‌ಗಳು ದಿನಾ ಸುಸ್ತಾಗಿ ಬೀಳುವ ತನಕ ಅಭ್ಯಾಸ ಮಾಡುತ್ತಾರಾ? ರೇಸ್ ಮುಗಿದ ಮೇಲೆ ಎಷ್ಟು ದಿನ ರಜೆ? ಕೆಲಸಕ್ಕೆ ಹೋಗಿಬರುವವರು ಇದರಲ್ಲಿ ಎಷ್ಟನ್ನು ಅನುಸರಿಸಬಹುದು? ನಾನು ಇದೇ ವೃತ್ತಿಯಲ್ಲಿದ್ದೇನೆ, ಹಾಗಾಗಿ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ನಾನು ಜಾಸ್ತಿ ಮಾಡುವುದು 70.3 ರೇಸುಗಳನ್ನು. 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, ಆಮೇಲೆ 21.1 ಕಿಲೋಮೀಟರ್ ಓಟ. ಮೂರನ್ನೂ ಮೈಲಿಯಲ್ಲಿ ಕೂಡಿದರೆ 70.3 ಆಗುತ್ತದೆ, ಹೆಸರು ಬಂದದ್ದು ಹಾಗೆ. ಒಲಿಂಪಿಕ್ಸ್‌ನಲ್ಲಿ ನೀವು ನೋಡುವುದು ಇದಕ್ಕಿಂತ ಚಿಕ್ಕದು: 1.5, 40 ಮತ್ತು 10. ಪೂರ್ತಿ ಐರನ್‌ಮ್ಯಾನ್ ಅಂದರೆ 70.3ರ ಎರಡರಷ್ಟು.

ದಿನಾ ಸುಸ್ತಾಗಿ ಬೀಳುವ ತನಕ ಅಂತೂ ಯಾರೂ ಮಾಡುವುದಿಲ್ಲ. ಹಾಗೆ ಮಾಡಿದರೆ ಕೆಲವೇ ವಾರಗಳಲ್ಲಿ ಕಾಲೋ, ನಿದ್ದೆಯೋ, ಮನಸ್ಸೋ ಯಾವುದಾದರೊಂದು ಕೈಕೊಡುತ್ತದೆ. ವಾರಕ್ಕೆ 25 ಗಂಟೆಯ ಆಸುಪಾಸು ಅಭ್ಯಾಸ ಇರುತ್ತದೆ, ಕೆಲವರದು 30 ದಾಟುವುದೂ ಉಂಟು. ಆದರೆ ಅದರಲ್ಲಿ ನಿಜವಾಗಿ ಕಷ್ಟದ್ದು ಎರಡು ಮೂರು ದಿನದ್ದು ಮಾತ್ರ. ಉಳಿದ ಗಂಟೆಗಳೆಲ್ಲ ಪಕ್ಕದವರ ಜೊತೆ ಮಾತಾಡಿಕೊಂಡೇ ಮಾಡಬಹುದಾದಷ್ಟು ನಿಧಾನ. ಈ ನಿಧಾನವೇ ಕಷ್ಟ ಅಂದರೆ ಹೊರಗಿನವರು ನಂಬುವುದಿಲ್ಲ. ಕಾಲು ಚೆನ್ನಾಗಿದೆ, ಗಾಳಿ ಹಿಂದಿನಿಂದ ಬೀಸುತ್ತಿದೆ, ಯಾರೋ ಹವ್ಯಾಸಿ ಸೈಕಲ್‌ನವರು ಪಕ್ಕದಲ್ಲೇ ದಾಟಿ ಹೋಗುತ್ತಾರೆ, ಆಗಲೂ ಅವರನ್ನು ಬೆನ್ನಟ್ಟದೆ ನಿಮ್ಮ ಪಾಡಿಗೆ ನೀವು ತುಳಿಯುತ್ತಾ ಇರಬೇಕು. ಯಾಕೆಂದರೆ ನಾಳೆ ಬೆಳಿಗ್ಗೆ ಆ ಕಾಲು ಬೇಕು.

ನನ್ನ ವಾರದಲ್ಲಿ ಮಂಗಳವಾರ ದೊಡ್ಡ ದಿನ. ಟ್ರ್ಯಾಕ್‌ನಲ್ಲಿ ಒಂದೊಂದು ಕಿಲೋಮೀಟರಿನ ಹತ್ತು ಓಟ, ನಡುವೆ ಒಂದು ನಿಮಿಷ ಬಿಡುವು. ಮೂರನೆಯದು ಮುಗಿಸಿ ಬಂದು ನಿಂತರೆ ಕೋಚ್ ಕಿವಿಯ ಹಾಲೆಯ ಬೆವರು ಒರೆಸಿ ಸೂಜಿ ಚುಚ್ಚುತ್ತಾರೆ. ರಕ್ತದಲ್ಲಿ ಲ್ಯಾಕ್ಟೇಟ್ ಎಷ್ಟಿದೆ ಅಂತ ನೋಡುವುದಕ್ಕೆ, ಸ್ನಾಯು ಕಷ್ಟಪಟ್ಟಷ್ಟೂ ಅದು ಏರುತ್ತದೆ. ಮೊದಲ ಹನಿಯನ್ನು ಒರೆಸಿ ಬಿಡುತ್ತಾರೆ. ಬೆವರಿನಲ್ಲೂ ಲ್ಯಾಕ್ಟೇಟ್ ಇರುತ್ತದೆ, ಅದು ರಕ್ತಕ್ಕೆ ಬೆರೆತರೆ ಅಳತೆ ಸುಮ್ನೆ ಮೇಲೆ ಹೋಗುತ್ತದೆ. ಎರಡನೇ ಹನಿಗೆ ಸ್ಟ್ರಿಪ್ ತಾಗಿಸಿದರೆ ಕೆಲವು ಸೆಕೆಂಡಿನಲ್ಲಿ ಮೀಟರ್‌ನಲ್ಲಿ ಅಂಕಿ ಬರುತ್ತದೆ. 3ರ ಹತ್ತಿರ ಇದ್ದರೆ ಇದೇ ವೇಗದಲ್ಲಿ ಮುಂದುವರಿಯಬಹುದು. 4 ದಾಟಿ ಹೋದರೆ ನನಗೆ ಎಷ್ಟೇ ಹಗುರ ಅನ್ನಿಸಿದರೂ ವೇಗ ಇಳಿಸಲೇಬೇಕು. ಇದು ಎಲ್ಲರಿಗೂ ಒಂದೇ ಅಂಕಿ ಅಲ್ಲ, ನನಗೆ ಹೊಂದುವ ಅಂಕಿ. ಅಂಕಿ ತುಂಬಾ ಕಡಿಮೆ ಬಂದರೂ ಖುಷಿಪಡುವ ಹಾಗಿಲ್ಲ. ಹಿಂದಿನ ದಿನ ಸರಿಯಾಗಿ ತಿನ್ನದೆ ಸ್ನಾಯುವಿನಲ್ಲಿ ಇಂಧನ ಖಾಲಿಯಾಗಿದ್ದರೂ ಲ್ಯಾಕ್ಟೇಟ್ ಕಡಿಮೆಯೇ ತೋರಿಸುತ್ತದೆ.

ಈ ಪದ್ಧತಿಯನ್ನು ನಮ್ಮ ಆಟದಲ್ಲಿ ಎಲ್ಲರ ಬಾಯಲ್ಲೂ ಬರುವಂತೆ ಮಾಡಿದವರು ನಾರ್ವೆಯವರು. ಕ್ರಿಸ್ಟಿಯನ್ ಬ್ಲುಮೆನ್‌ಫೆಲ್ಟ್ 2021ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. 2022ರ ಮೇ ತಿಂಗಳಲ್ಲಿ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್ಪನ್ನೂ ಗೆದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರ ಜೊತೆಗಾರ ಗುಸ್ತಾವ್ ಇಡೆನ್ ಹವಾಯಿಯ ಕೋನಾದಲ್ಲಿ ಗೆದ್ದರು. ಆಮೇಲೆ ಎಲ್ಲರ ಬ್ಯಾಗಿನಲ್ಲೂ ಮೀಟರ್ ಬಂತು. ಜನ ಮೀಟರನ್ನು ನೋಡಿದರು. ನಾರ್ವೆಯವರು ವರ್ಷಗಟ್ಟಲೆ ತಮ್ಮನ್ನು ತಾವು ಎಷ್ಟು ಹಿಡಿದಿಟ್ಟುಕೊಂಡು ಓಡಿದ್ದಾರೆ ಅನ್ನುವುದನ್ನು ನೋಡಿದವರು ಕಡಿಮೆ ಅಂತ ನನ್ನ ಅಭಿಪ್ರಾಯ.

ಈಜು ವಾರಕ್ಕೆ ಐದು ಸಲ, ಬೆಳಿಗ್ಗೆ ಬೇಗ, ಸಲಕ್ಕೆ ನಾಲ್ಕೈದು ಕಿಲೋಮೀಟರ್. ರೇಸಿನಲ್ಲಿ ಅತಿ ಕಡಿಮೆ ಹೊತ್ತಿನ ಭಾಗಕ್ಕೆ ಇಷ್ಟೊಂದು ಯಾಕೆ ಅಂತ ಕೇಳುತ್ತಾರೆ. ನೀರಿನಲ್ಲಿ ಮುಂದಿನವರ ಪಾದದ ಹಿಂದೆಯೇ ಈಜಬಹುದು, ಅದಕ್ಕೆ ತಡೆ ಇಲ್ಲ, ಅದರಿಂದ ಎಷ್ಟೋ ಶಕ್ತಿ ಉಳಿಯುತ್ತದೆ. ಆ ಗುಂಪು ಒಮ್ಮೆ ಕೈತಪ್ಪಿತು ಅಂದರೆ ಒಬ್ಬರೇ ನೀರು ಸೀಳುತ್ತಾ ಬರಬೇಕು. ಆಮೇಲೆ ಸೈಕಲ್ ಮೇಲೂ ಒಬ್ಬರೇ. 70.3ರಲ್ಲಿ ಸೈಕಲ್ ಮೇಲೆ ಇನ್ನೊಬ್ಬರ ಹಿಂದೆ ಅಂಟಿಕೊಂಡು ಹೋಗುವಂತಿಲ್ಲ, ನಿಗದಿತ ಅಂತರ ಬಿಡಲೇಬೇಕು. ಆದರೂ ಕಣ್ಣೆದುರು ಒಬ್ಬರು ಇರುವುದಕ್ಕೂ ಖಾಲಿ ರಸ್ತೆಗೂ ಬಹಳ ವ್ಯತ್ಯಾಸ ಇದೆ.

ಗುರುವಾರ ಸೈಕಲ್ ಮೇಲೆ ಕಷ್ಟದ ಅಭ್ಯಾಸ. ಶನಿವಾರ ನಾಲ್ಕೈದು ಗಂಟೆ ಸೈಕಲ್, ಇಳಿದ ಕೂಡಲೇ ಅರ್ಧ ಗಂಟೆ ಓಟ. ಇದನ್ನು ನಾವು ಬ್ರಿಕ್ ಅನ್ನುತ್ತೇವೆ. ಸೈಕಲ್ ಇಳಿದು ಓಡುವಾಗ ಮೊದಲ ಕಿಲೋಮೀಟರಿನಲ್ಲಿ ಕಾಲು ನಿಮ್ಮ ಮಾತು ಕೇಳುವುದಿಲ್ಲ. ವೇಗದ ಅಂದಾಜೂ ತಪ್ಪುತ್ತದೆ, ಅಷ್ಟು ಹೊತ್ತು ಸೈಕಲ್ ವೇಗಕ್ಕೆ ಒಗ್ಗಿದ ಕಣ್ಣಿಗೆ ಯಾವ ಓಟವೂ ನಿಧಾನ ಅನ್ನಿಸಿ ಜಾಸ್ತಿ ಜೋರಾಗಿ ಹೊರಟುಬಿಡುತ್ತೇವೆ. ಹಾಗಾಗಿ ಇದನ್ನು ಅಭ್ಯಾಸದಲ್ಲೇ ಕಲಿಯಬೇಕು. ಭಾನುವಾರ ಉದ್ದ ಓಟ. ಸೋಮವಾರ, ಶುಕ್ರವಾರ ಹಗುರ. ಬುಧವಾರ ಉದ್ದ ಆದರೆ ನಿಧಾನದ ಸೈಕಲ್.

ಶನಿವಾರದ ಇನ್ನೊಂದು ಮುಖ್ಯ ಅಭ್ಯಾಸ ಹೊಟ್ಟೆಯದ್ದು. ರೇಸಿನಲ್ಲಿ ಗಂಟೆಗೆ 90ರಿಂದ 120 ಗ್ರಾಂ ಕಾರ್ಬೊಹೈಡ್ರೇಟ್ ಒಳಗೆ ಹೋಗಬೇಕು. ಬರೀ ಗ್ಲೂಕೋಸ್ ಆದರೆ ಕರುಳು ಗಂಟೆಗೆ 60 ಗ್ರಾಂನಷ್ಟನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಫ್ರಕ್ಟೋಸ್ ಬೇರೆ ದಾರಿಯಲ್ಲಿ ಹೋಗುತ್ತದೆ, ಅದಕ್ಕೇ ನಮ್ಮ ಜೆಲ್, ಪಾನೀಯಗಳಲ್ಲಿ ಎರಡೂ ಇರುತ್ತವೆ. ಆದರೂ ಅಭ್ಯಾಸ ಇಲ್ಲದ ಹೊಟ್ಟೆಗೆ ಅಷ್ಟು ಸಕ್ಕರೆ ಹಾಕಿದರೆ ವಾಂತಿಯೇ ಗತಿ. ವಾರ ವಾರ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಹೊರಡುವ ಮುಂಚೆ ಬಟ್ಟೆ ಇಲ್ಲದೆ ತೂಕ, ಬಂದ ಮೇಲೆ ಮೈ ಒರೆಸಿಕೊಂಡು ಮತ್ತೆ ತೂಕ. ಒಂದು ಕಿಲೋ ಇಳಿದಿದ್ದರೆ, ಕುಡಿದದ್ದಕ್ಕಿಂತ ಸುಮಾರು ಒಂದು ಲೀಟರ್ ಬೆವರು ಜಾಸ್ತಿ ಹೋಗಿದೆ ಅಂತ ಲೆಕ್ಕ. ಬಿಸಿಲಿನ ರೇಸಿನಲ್ಲಿ ಈ ಲೆಕ್ಕವೇ ನಿಮ್ಮನ್ನು ಕಾಯುತ್ತದೆ. 2016ರಲ್ಲಿ ಮೆಕ್ಸಿಕೋದ ಕೊಜುಮೆಲ್‌ನಲ್ಲಿ ರೇಸಿನಲ್ಲಿ ಮುಂದಿದ್ದ ಬ್ರಿಟನ್ನಿನ ಜಾನಿ ಬ್ರೌನ್‌ಲೀ ಕೊನೆಯ ಕೆಲವು ನೂರು ಮೀಟರಿನಲ್ಲಿ ಬಿಸಿಲಿಗೆ ತೂರಾಡತೊಡಗಿದರು, ಅಣ್ಣ ಅಲಿಸ್ಟೇರ್ ಅವರ ತೋಳನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಗೆರೆ ದಾಟಿಸಿದರು. ಒಲಿಂಪಿಕ್ ಪದಕ ಗೆದ್ದವರಿಗೇ ಹಾಗಾಯಿತು ಅಂದರೆ ಯಾರಿಗೂ ಆಗಬಹುದು ಅಲ್ವಾ?

ತೂಕದ ವಿಷಯ ಬಂದಾಗ ಇದನ್ನು ಹೇಳದೆ ಮುಂದೆ ಹೋಗಲಾರೆ. ತೆಳ್ಳಗಾದರೆ ವೇಗ ಬರುತ್ತದೆ ಅಂತ ಕಡಿಮೆ ತಿನ್ನುವವರು ನಮ್ಮಲ್ಲಿ ತುಂಬಾ ಇದ್ದಾರೆ. ಕೆಲವು ತಿಂಗಳು ವೇಗ ಬರುವುದೂ ನಿಜ. ಆಮೇಲೆ ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುತ್ತದೆ, ಗಂಡಸರಲ್ಲಿ ಹಾರ್ಮೋನ್ ಇಳಿಯುತ್ತದೆ, ಮೂಳೆಯಲ್ಲಿ ಸಣ್ಣ ಬಿರುಕು ಬೀಳುತ್ತದೆ. ಮುಟ್ಟು ನಿಂತದ್ದನ್ನು "ಅಭ್ಯಾಸ ಚೆನ್ನಾಗಿ ನಡೆಯುತ್ತಿದೆ" ಅಂತ ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಮಧ್ಯಾಹ್ನ ಮಲಗುವುದು ಕೂಡ ನಮ್ಮ ಕೆಲಸದ ಭಾಗವೇ. ರಾತ್ರಿ ಒಂಬತ್ತು ಗಂಟೆ, ಮಧ್ಯಾಹ್ನ ಒಂದರ್ಧ ಗಂಟೆ. ಮಸಾಜ್, ಐಸ್ ನೀರು, ಗಾಳಿ ತುಂಬುವ ಬೂಟು ಇವೆಲ್ಲ ಇರಲಿ, ನಿದ್ದೆ ಮತ್ತು ಊಟದ ಮುಂದೆ ಅವು ಲೆಕ್ಕಕ್ಕಿಲ್ಲ. ಡೋಪಿಂಗ್ ಪರೀಕ್ಷೆಯವರು ಮಾತ್ರ ಈ ನಿದ್ದೆಯನ್ನು ಮುರಿಯಬಹುದು. ಪರೀಕ್ಷೆಯ ಪಟ್ಟಿಯಲ್ಲಿರುವವರು ಪ್ರತಿದಿನ ಒಂದು ಗಂಟೆ ಎಲ್ಲಿ ಸಿಗುತ್ತೇವೆ ಅಂತ ಮೊದಲೇ ಬರೆದು ಕೊಟ್ಟಿರಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ನಿಷೇಧ. ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದವರು 90 ಮಿಲಿಲೀಟರ್ ಮೂತ್ರ ಸಿಗುವ ತನಕ ನಮ್ಮನ್ನು ಕಣ್ಣಿಂದ ಮರೆಯಾಗಲು ಬಿಡುವುದಿಲ್ಲ. ಕಿರಿಕಿರಿ ಅನ್ನಿಸಬಹುದು, ಆದರೆ ನನಗೆ ಇದು ಬೇಕು. ಪ್ರಾಮಾಣಿಕವಾಗಿ ಓಡುವವರಿಗೆ ಬೇರೆ ರಕ್ಷಣೆ ಏನಿದೆ?

ರೇಸಿನ ವಾರದಲ್ಲಿ ಅಭ್ಯಾಸದ ಗಂಟೆಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತವೆ. ಆದರೆ ವೇಗದ ತುಣುಕುಗಳನ್ನು ಬಿಡುವುದಿಲ್ಲ. ರೇಸಿನ ಬೆಳಿಗ್ಗೆ ಸೈಕಲ್ ಶೂಗಳನ್ನು ಪೆಡಲ್‌ಗೆ ಸಿಕ್ಕಿಸಿ, ಅವು ತಿರುಗಿ ಬೀಳದಂತೆ ಸಣ್ಣ ರಬ್ಬರ್ ಬ್ಯಾಂಡಿನಿಂದ ಸೈಕಲ್‌ಗೆ ಕಟ್ಟುತ್ತೇನೆ. ನೀರಿನಿಂದ ಓಡಿ ಬಂದು, ಹೆಲ್ಮೆಟ್ ಪಟ್ಟಿ ಬಿಗಿದು, ಆಮೇಲಷ್ಟೇ ಸೈಕಲ್ ತೆಗೆಯಬೇಕು, ಅದು ನಿಯಮ. ಬರಿಗಾಲಲ್ಲಿ ಹತ್ತಿ ಒಂದು ಸಲ ತುಳಿದರೆ ರಬ್ಬರ್ ಪಟ್ ಅಂತ ಹರಿಯುತ್ತದೆ, ಹೋಗುತ್ತಾ ಹೋಗುತ್ತಾ ಕಾಲು ಶೂ ಒಳಗೆ.

ಇನ್ನು ರಜೆಯ ವಿಷಯ. ರೇಸಿನ ರಾತ್ರಿ ಸಾಮಾನ್ಯವಾಗಿ ನಿದ್ದೆ ಬರುವುದಿಲ್ಲ. ಕೆಫೀನ್ ಇನ್ನೂ ಮೈಯಲ್ಲಿರುತ್ತದೆ, ಕಾಲು ಸೆಳೆಯುತ್ತಿರುತ್ತದೆ. ಮರುದಿನ ಮೆಟ್ಟಿಲು ಹತ್ತಬಹುದು, ಇಳಿಯುವುದಕ್ಕೆ ಕಂಬಿ ಹಿಡಿಯಬೇಕು, ಯಾಕೆಂದರೆ ಓಟದ ಏಟು ತಿಂದಿರುವುದು ತೊಡೆಯ ಮುಂಭಾಗ. ಎರಡು ಮೂರು ದಿನ ನಡಿಗೆ, ಸ್ವಲ್ಪ ಈಜು ಅಷ್ಟೇ. ಭಾನುವಾರ ರೇಸ್ ಆಗಿದ್ದರೆ ಬುಧವಾರ, ಗುರುವಾರದ ಹೊತ್ತಿಗೆ ಕಾಲು ಹಗುರ ಆಯಿತು ಅನ್ನಿಸುತ್ತದೆ. ಅದೇ ಅಪಾಯದ ಹೊತ್ತು. ಸ್ನಾಯುವಿನ ನೋವು ಹೋಗಿರುತ್ತದೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್, ಮೂಳೆ ಇನ್ನೂ ಸುಧಾರಿಸಿಕೊಂಡಿರುವುದಿಲ್ಲ. ನಾನು 70.3 ಆದ ಮೇಲೆ ಒಂದು ವಾರ, ಪೂರ್ತಿ ಐರನ್‌ಮ್ಯಾನ್ ಆದ ಮೇಲೆ ಎರಡು ಮೂರು ವಾರ ಕಷ್ಟದ ಓಟದ ತಂಟೆಗೆ ಹೋಗುವುದಿಲ್ಲ. ಸೀಸನ್ ಮುಗಿದಾಗ ಕೆಲವು ವಾರ ಪೂರ್ತಿ ಬಿಡುವು, ಗಡಿಯಾರ ಕೂಡ ಕಟ್ಟುವುದಿಲ್ಲ.

ಕೆಲಸದ ಜೊತೆ ಮಾಡುವವರು ನಮ್ಮ ಗಂಟೆಗಳನ್ನು ನಕಲು ಮಾಡಬೇಡಿ. ವಾರಕ್ಕೆ ಎಂಟು ಗಂಟೆ ಸಿಕ್ಕರೂ ಚೆನ್ನಾಗಿ ಮಾಡಬಹುದು. ಎರಡು ದಿನ ಕಷ್ಟದ್ದು, ಉಳಿದದ್ದು ಮಾತಾಡಿಕೊಂಡು ಮಾಡುವಂಥದ್ದು. ಅಭ್ಯಾಸಕ್ಕಾಗಿ ನಿದ್ದೆ ಕತ್ತರಿಸಬೇಡಿ, ಅಂಥ ದಿನ ಅಭ್ಯಾಸವನ್ನೇ ಬಿಡಿ. ಮೊದಲ ರೇಸಿಗೆ ಸ್ಪ್ರಿಂಟ್ ಸಾಕು: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಪೂಲ್‌ನಲ್ಲಿ ಎಷ್ಟೇ ಚೆನ್ನಾಗಿ ಈಜಿದರೂ, ಕೆರೆಗೋ ಸಮುದ್ರಕ್ಕೋ ಒಬ್ಬರೇ ಮಾತ್ರ ಇಳಿಯಬೇಡಿ. ಎಷ್ಟು ವಾರ ಇದೆ, ಈಗ ಎಷ್ಟು ಈಜಬಲ್ಲಿರಿ ಅಂತ ಬರೆದರೆ ಮೊದಲ ತಿಂಗಳಿಗೆ ಏನು ಮಾಡಬಹುದು ಅಂತ ಹೇಳುತ್ತೇನೆ.