ಹೊಗೆ ಸೇದದವರ ಕೆಮ್ಮು

ಪ್ರಶ್ನೆ: ಡಾಕ್ಟರೇ, ನನ್ನ ತಾಯಿಗೆ 61 ವರ್ಷ. ಸಿಗರೇಟನ್ನು ಕೈಯಲ್ಲೂ ಹಿಡಿದವರಲ್ಲ. ನಲವತ್ತು ವರ್ಷ ಸೌದೆ ಒಲೆಯಲ್ಲಿ ಬೇಯಿಸಿದರು. ಗ್ಯಾಸ್ ಬಂದು ಐದು ವರ್ಷವಾಯಿತು. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಬೆಳಿಗ್ಗೆ ಕಫದ ಕೆಮ್ಮು. ಪರೀಕ್ಷೆ ಮಾಡಿ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಎಂದಿದ್ದಾರೆ. ಅದು ಧೂಮಪಾನಿಗಳ ಕಾಯಿಲೆಯಲ್ಲವೇ? ಒಲೆ ಬಿಟ್ಟ ಮೇಲೂ ಏಕೆ ವಾಸಿಯಾಗಿಲ್ಲ?

ಉತ್ತರ: ಹೊಗೆ ಸಿಗರೇಟಿನಿಂದ ಬಂತೋ ಸೌದೆಯಿಂದ ಬಂತೋ ಎಂದು ಶ್ವಾಸನಾಳ ವಿಚಾರಿಸುವುದಿಲ್ಲ. ಸೌದೆ ಹೊಗೆಯಲ್ಲಿ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ತುಂಬಿರುತ್ತವೆ. ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಪಾಲು ಎಂದಿಟ್ಟುಕೊಳ್ಳಿ. ಮೂಗಿನ ಕೂದಲು, ಗಂಟಲಿನ ಲೋಳೆ ಹಿಡಿದು ನಿಲ್ಲಿಸುವುದು ದೊಡ್ಡ ಧೂಳನ್ನು. ಈ ಸಣ್ಣ ಕಣಗಳು ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳವರೆಗೆ ಇಳಿಯುತ್ತವೆ, ಅತಿ ಸಣ್ಣವು ರಕ್ತಕ್ಕೂ ದಾಟುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಸತ್ತವರು ಸುಮಾರು 32 ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸತ್ತದ್ದು ಹೃದಯದ ಕಾಯಿಲೆ ಮತ್ತು ಪಾರ್ಶ್ವವಾಯುವಿನಿಂದ ಎಂದರೆ ನನ್ನ ಸಹೋದ್ಯೋಗಿಗಳೇ ಹುಬ್ಬೇರಿಸುವುದುಂಟು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ಕೆಮ್ಮಿಕೊಂಡು ಬಂದ ಹೆಂಗಸರನ್ನೂ 'ಸೇದುತ್ತೀರಾ?' ಎಂದು ಕೇಳಿ, 'ಇಲ್ಲ' ಎಂದು ಬರೆದುಕೊಂಡು, ಆಸ್ತಮಾ ಎಂದು ಚೀಟಿ ಕೊಟ್ಟು ಕಳುಹಿಸುತ್ತಿದ್ದೆ. ನಾನು ಬೆಳೆದದ್ದೇ ಒಲೆಯ ಪಕ್ಕದಲ್ಲಿ. ಹೊಗೆ ಯಾವ ಕಡೆಗೆ ವಾಲುತ್ತದೆಂದು ನೋಡಿ ಪಾಠದ ಪುಸ್ತಕ ಎತ್ತಿಕೊಂಡು ಆಚೆ ಬದಿಗೆ ಸರಿಯುತ್ತಿದ್ದೆ. ಅಮ್ಮ ಸರಿಯುತ್ತಿರಲಿಲ್ಲ, ಪಾತ್ರೆ ಅಲ್ಲಿತ್ತಲ್ಲ. ಅವರ ಕೆಮ್ಮು ಕೇಳಿಸಿದರೆ ಬೆಳಗಾಯಿತೆಂದು ನಮಗೆ ಗೊತ್ತಾಗುತ್ತಿತ್ತು. ಅದೊಂದು ಕಾಯಿಲೆ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ನನ್ನದೇ ಕೋಣೆಯಲ್ಲಿ ಉಸಿರಿನ ಬಲ ಅಳೆಯುವ ಸ್ಪೈರೊಮೆಟ್ರಿ ಯಂತ್ರಕ್ಕೆ ಅಮ್ಮನಿಂದ ಊದಿಸಿದಾಗ ಬಂದ ಗೆರೆ, ಮೂವತ್ತು ವರ್ಷ ಸಿಗರೇಟು ಸೇದಿದವರ ಗೆರೆಯಂತೆಯೇ ಇತ್ತು. ಈಗ ನಾನು ಕೇಳುವ ಪ್ರಶ್ನೆ ಬೇರೆ: ಎಷ್ಟು ವರ್ಷ ಒಲೆಯ ಮುಂದೆ ಕುಳಿತಿರಿ, ಅಡುಗೆಮನೆಗೆ ಕಿಟಕಿ ಇತ್ತೇ, ಕಣ್ಣು ಉರಿಯುತ್ತಿತ್ತೇ?

ಒಡೆದುಹೋದ ಗಾಳಿಗೂಡುಗಳ ಗೋಡೆ ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಒಲೆ ಆರಿದರೂ ಏದುಸಿರು ಉಳಿದಿದೆ. ಆದರೆ ಹೊಗೆ ನಿಂತರೆ ಮುಂದಿನ ಹಾನಿಯ ವೇಗ ತಗ್ಗುತ್ತದೆ. ಇನ್‌ಹೇಲರನ್ನು ಕೆಮ್ಮು ಕಡಿಮೆಯಾಯಿತೆಂದು ಬಿಡಿಸಬೇಡಿ. ಅದನ್ನು ಎಳೆಯುವ ಕ್ರಮ ಸರಿಯಿದೆಯೇ ಎಂದು ವೈದ್ಯರ ಎದುರೇ ತೋರಿಸಲಿ, ಅರ್ಧ ಜನ ಔಷಧವನ್ನು ನಾಲಿಗೆಗೆ ಹೊಡೆದುಕೊಳ್ಳುತ್ತಾರೆಂದು ನನ್ನ ಗುಮಾನಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ಕೇಳಿ. ಏದುಸಿರಿಗೆ ಹೆದರಿ ಕುರ್ಚಿ ಬಿಡದೆ ಕೂರುವುದೂ ತಪ್ಪು. ವೈದ್ಯರು ಹೇಳಿದಷ್ಟು ದಿನಾ ನಡೆಯಲಿ. ಕಣ್ಣನ್ನೂ ಪರೀಕ್ಷಿಸಿ, ಒಲೆ ಹೊಗೆಗೂ ಪೊರೆಗೂ ನಂಟಿದೆ. ಇನ್ನೊಂದು ಮಾತು. ಗ್ಯಾಸ್ ಬಂದಿದೆ, ಅಡುಗೆಗೆ ಒಲೆ ಬಿಟ್ಟಾಯಿತು ಎಂದಿರಿ, ಸೌದೆ ಒಲೆ ಮನೆಯಿಂದಲೇ ಹೋಗಿದೆ ಎಂದು ಬರೆದಿಲ್ಲ. ಸ್ನಾನದ ನೀರಿಗೆ ಅದು ಇನ್ನೂ ಉರಿಯುತ್ತಿದ್ದರೆ ಮೇಲಿನದೆಲ್ಲ ವ್ಯರ್ಥ.

ಪ್ರಶ್ನೆ: ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಹಾಕಿಸಿದ್ದೇವೆ. ಸ್ನಾನ ಮುಗಿಯುವಷ್ಟರಲ್ಲಿ ತಲೆ ಸಿಡಿಯುತ್ತದೆ, ವಾಕರಿಕೆ; ಹೊರಗೆ ಬಂದು ಅರ್ಧ ಗಂಟೆಗೆ ಸರಿಹೋಗುತ್ತದೆ. ಒಮ್ಮೆ ಮಗಳು ತಲೆ ತಿರುಗಿ ಬಿದ್ದಳು. ಬೆರಳಿನ ಆಕ್ಸಿಮೀಟರ್ 98 ತೋರಿಸಿತು, ಅನಿಲದ ವಾಸನೆಯೂ ಇರಲಿಲ್ಲ. ರಕ್ತಹೀನತೆ ಇರಬಹುದೇ?

ಉತ್ತರ: ಸಂಚಿಕೆ ಅಚ್ಚಾಗುವ ತನಕ ಕಾಯುವ ಪತ್ರ ಇದಲ್ಲವೆಂದು ನಿಮಗೆ ಅಂದೇ ಉತ್ತರಿಸಿದ್ದೇನೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಇದು ಕಾರ್ಬನ್ ಮಾನಾಕ್ಸೈಡ್ ವಿಷವೆಂದೇ ಭಾವಿಸಿ ನಡೆದುಕೊಳ್ಳಬೇಕು. ಗ್ಯಾಸ್ ಪೂರ್ತಿಯಾಗಿ ಉರಿಯದಿದ್ದಾಗ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರುವ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ. ಉರಿದ ಮೇಲೆ ಬರುವ ಇದಕ್ಕೆ ಬೆರೆಸುವವರು ಯಾರು? ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು ಜಾಗ ಬಿಡುವುದಿಲ್ಲ. ಆ 98ಕ್ಕೆ ಮೋಸ ಹೋಗಬೇಡಿ. ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ನನ್ನೂ ಆ ಪುಟ್ಟ ಯಂತ್ರ ಆಮ್ಲಜನಕ ಹೊತ್ತದ್ದೆಂದೇ ಎಣಿಸುತ್ತದೆ. ನಿಜ ತಿಳಿಯಲು ಆಸ್ಪತ್ರೆಯಲ್ಲಿ ಬೇರೆಯೇ ರಕ್ತಪರೀಕ್ಷೆ ಬೇಕು.

ಗೀಸರನ್ನು ಸ್ನಾನದ ಮನೆಯ ಹೊರಗೆ ಗಾಳಿಯಾಡುವಲ್ಲಿ ಹಾಕಿಸಿ, ಉರಿದ ಅನಿಲ ಕೊಳವೆಯಲ್ಲಿ ಬಯಲಿಗೆ ಹೋಗಲಿ. ಅಲ್ಲಿಯವರೆಗೆ ಅದನ್ನು ಹಚ್ಚಲೇಬೇಡಿ. 'ಕಿಟಕಿ ತೆರೆದಿಡುತ್ತೇವೆ' ಎಂಬ ರಾಜಿ ಬೇಡ, ಚಳಿಯ ದಿನ ಯಾರೋ ಒಬ್ಬರು ಮುಚ್ಚಿಯೇ ಮುಚ್ಚುತ್ತಾರೆ. ಒಳಗೆ ಯಾರಾದರೂ ಬಿದ್ದಿದ್ದರೆ ಬಾಗಿಲು ತೆರೆದು ಮೊದಲು ಹೊರಗೆಳೆದುಕೊಳ್ಳಿ, ಆಂಬುಲೆನ್ಸ್ ಕರೆಸಿ; ಮುಖಕ್ಕೆ ನೀರು ಚಿಮುಕಿಸುತ್ತ ಒಳಗೇ ನಿಂತರೆ ಮುಂದೆ ಬೀಳುವವರು ನೀವು.

ಪ್ರಶ್ನೆ: ಮಗುವಿಗೆ ಎಂಟು ತಿಂಗಳು. ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿ ರಾತ್ರಿಯಿಡೀ ಸೊಳ್ಳೆಬತ್ತಿ ಹಚ್ಚುತ್ತೇವೆ. ಪರಿಮಳದ ಬತ್ತಿ, ಘಾಟೇನಿಲ್ಲ. ಆದರೂ ಮಗುವಿಗೆ ಪದೇ ಪದೇ ಶೀತ, ಗುರುಗುಟ್ಟುವ ಎದೆ.

ಉತ್ತರ: ಬತ್ತಿ ಇವತ್ತೇ ಆರಿಸಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಸುರುಳಿ ಉರಿದಾಗ ಬಂದ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮವಾಗಿದ್ದವು. ಪರಿಮಳ ಮೂಗಿಗೆ ಕೊಟ್ಟ ಲಂಚವಷ್ಟೇ. ಶಿಶು ದೊಡ್ಡವರಿಗಿಂತ ವೇಗವಾಗಿ ಉಸಿರಾಡುತ್ತದೆ, ಅದರ ಶ್ವಾಸನಾಳ ಕಿರಿದು, ಬೆಳೆಯುತ್ತಿರುವ ಶ್ವಾಸಕೋಶ ಬೇರೆ. ಸೊಳ್ಳೆಪರದೆ ಕಟ್ಟಿ, ಕಿಟಕಿಗೆ ಜಾಲರಿ ಹಾಕಿಸಿ. ಹಾಲು ಕುಡಿಯಲು ಕಷ್ಟಪಟ್ಟರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮನೆಯಲ್ಲಿ ಸಿಗರೇಟು ಸೇದುವವರ ವಿಷಯ ನೀವು ಬರೆದಿಲ್ಲ. ಇದ್ದರೆ 'ಬಾಲ್ಕನಿಯಲ್ಲಿ ಸೇದುತ್ತೇನೆ' ಎನ್ನುವವರ ಹೊಗೆ ಹಿಡಿದ ಅಂಗಿಯೂ ಮಗುವನ್ನೆತ್ತಿಕೊಳ್ಳುತ್ತದೆ ಎಂದು ನೆನಪಿಸಿ.

ಪ್ರಶ್ನೆ: ಒಳಗಿನ ಗಾಳಿ ಶುದ್ಧವಾಗಲೆಂದು ಹನ್ನೆರಡು ಕುಂಡ ಇಟ್ಟಿದ್ದೇನೆ. ಆದರೂ ಮಲಗುವ ಕೋಣೆಗೆ ಹೋದರೆ ಸೀನು. ಗೋಡೆಯ ಚಿತ್ರ ಕಳುಹಿಸಿದ್ದೇನೆ. ಇನ್ನಷ್ಟು ಗಿಡ ಬೇಕೇ, ಏರ್ ಪ್ಯೂರಿಫೈಯರ್ ಕೊಳ್ಳಲೇ?

ಉತ್ತರ: ಗಿಡದ ಕಥೆ ಹಬ್ಬಿದ್ದು 1989ರ ನಾಸಾ ಪ್ರಯೋಗದಿಂದ. ಅದು ನಡೆದದ್ದು ಗಾಳಿಯಾಡದ ಪುಟ್ಟ ಪೆಟ್ಟಿಗೆಯಲ್ಲಿ, ನಿಮ್ಮ ಮನೆಯಲ್ಲಲ್ಲ. 2019ರ ವಿಮರ್ಶೆಯೊಂದು ಹಳೆಯ ಪ್ರಯೋಗಗಳನ್ನೆಲ್ಲ ಲೆಕ್ಕ ಹಾಕಿ, ಸಾಧಾರಣ ಗಾಳಿ ಸಂಚಾರದಷ್ಟು ಕೆಲಸ ಆಗಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕೆಂದಿತು. ಕಾಲಿಡಲು ಜಾಗವಿರುವುದಿಲ್ಲ. ಹೆಪಾ ಎಂಬ ದಟ್ಟ ಸೋಸುಕವಿರುವ ಪ್ಯೂರಿಫೈಯರ್ ಕಣಗಳನ್ನು ಹಿಡಿಯುತ್ತದೆ. ಕಾರ್ಬನ್ ಮಾನಾಕ್ಸೈಡನ್ನು ಹಿಡಿಯುವುದಿಲ್ಲ, ಗೋಡೆಯ ತೇವವನ್ನಂತೂ ಇಲ್ಲವೇ ಇಲ್ಲ. ಶ್ವಾಸಕೋಶವನ್ನು ಕೆರಳಿಸುವ ಓಝೋನ್ ಅನಿಲ ಬಿಡುವ ಯಂತ್ರವನ್ನು ಉಚಿತವಾಗಿ ಕೊಟ್ಟರೂ ತೆಗೆದುಕೊಳ್ಳಬೇಡಿ.

ಚಿತ್ರ ನೋಡಿದೆ. ಮಂಚದ ಹಿಂದಿನ ಆ ಕಪ್ಪು ಮಚ್ಚೆ ಬೂಷ್ಟು. ಅದರ ಕಣಗಳು ಸೀನು, ಉಬ್ಬಸ ಎರಡನ್ನೂ ಕೆರಳಿಸುತ್ತವೆ. ಮೇಲೆ ಬಣ್ಣ ಬಳಿದರೆ ಆರು ತಿಂಗಳಿಗೆ ಮತ್ತೆ ಹೊರಬರುತ್ತದೆ. ಆ ಗೋಡೆಯ ಆಚೆಗೆ ಸ್ನಾನದ ಮನೆ ಇದೆಯೇ ನೋಡಿ. ಇದ್ದರೆ ನನಗಿಂತ ಮೊದಲು ನೀವು ಕಾಣಬೇಕಾದವರು ಕೊಳಾಯಿ ರಿಪೇರಿಯವರು.